ಬೀಗದಕೈ ಗೊಂಚಲಿನ ದೀಪ

೧

ಕನ್ನಡನಾಡಿನ ಹಳ್ಳಿಗಳಲ್ಲಿ ಕೈಯಲ್ಲಿ ಹಿಡಿದು ನಡೆಯುವ ವಿದ್ಯುದ್ದೀಪಕ್ಕೆ ‘ಬ್ಯಾಟರಿ’ ಎಂದು ಹೆಸರು. ಶಾಸ್ತ್ರದೃಷ್ಟಿಯಿಂದ ನೋಡಿದರೆ ಇದು ಸರಿಯಾದ ಹೆಸರಲ್ಲ. ಬ್ಯಾಟರಿಯೆಂದರೆ ದೀಪವಲ್ಲ; ದೀಪದ ಒಡಲಲ್ಲಿ ಅಡಗಿದ್ದು ಅದಕ್ಕೆ ವಿದ್ಯುಚ್ಛಕ್ತಿಯನ್ನು ಒದಗಿಸುವ ಸೆಲ್ಲುಗಳ ಸಾಲು. ಹಣತೆಯನ್ನು ಯಾರೂ ಎಣ್ಣೆಯೆಂದು ಕರೆಯುವುದಿಲ್ಲ. ಲಾಟೀನನ್ನು ಯಾರೂ ಸೀಮೆಎಣ್ಣೆಯೆಂದು ಕರೆಯುವುದಿಲ್ಲ. ಈ ಒಂದು ದೀಪವನ್ನು ಮಾತ್ರ ಜನರು ಅದರ ಆಹಾರದ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾರೆ. ಲೋಕರೂಢಿಯು ಕೆಲವು ವೇಳೆ ಶಾಸ್ತ್ರವನ್ನು ಮೀರಿ ವಸ್ತುವಿನ ಮರ್ಮವನ್ನು ಹಿಡಿಯುವುದುಂಟು. ಕೈದೀಪದ ಚರಿತ್ರೆಯನ್ನು, ಅದರಲ್ಲಿಯೂ ಅತ್ಯಂತ ಚಿಕ್ಕದಾದ ಕೈದೀಪದ ಚರಿತ್ರೆಯನ್ನು ಪರಿಶೀಲಿಸಿದರೆ, ಹಳ್ಳಿಗರು ಇಟ್ಟ ಈ ಹೆಸರು ಎಷ್ಟು ಸಾರ್ಥಕವಾದುದೆಂಬುದು ಮನವರಿಕೆಯಾಗುವುದು.

ಬೀಗದಕೈಗಳ ಗೊಂಚಲಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ದೀಪವು ಇಂದು ಪೇಟೆಯ ಬೀದಿಗಳಲ್ಲೆಲ್ಲ ದೊರೆಯುವ ಅಲ್ಪವಸ್ತು. ಆದರೆ ದೊಡ್ಡ ಟಾರ್ಚಿಗೂ ಇದಕ್ಕೂ ಇರುವ ಭೇದವು ಗಾತ್ರಕ್ಕಿಂತ ಹೆಚ್ಚಾಗಿ ಧರ್ಮಕ್ಕೆ ಸೇರಿದ್ದು. ಕತ್ತಲೆಯಲ್ಲಿ ಹೊರಡಬೇಕಾಗಿದೆಯೆಂದು ಮೊದಲೇ ಬಲ್ಲವನು ದೊಡ್ಡ ಟಾರ್ಚನ್ನು ಕೈಗೆತ್ತಿಕೊಳ್ಳುವನು. ರಾತ್ರಿ ಗದ್ದೆಗೆ ನೀರು ತಿರುಗಿಸಲು ಹೋಗುವ ರೈತನೂ, ಗಸ್ತು ತಿರುಗುವ ಪೊಲೀಸಿನವನೂ ಈ ವರ್ಗಕ್ಕೆ ಸೇರಿದವರು. ಚಿಕ್ಕ ದೀಪವಾದರೋ ಕತ್ತಲೆಯನ್ನು ನಿರೀಕ್ಷಿಸದವನಿಗಾಗಿ ಇರುವುದು. ಮೆಟ್ಟಲ ಮೇಲೆ ಕಾಲಿಟ್ಟಾಗ ಫಕ್ಕನೆ ಮನೆಯ ದೀಪಗಳೆಲ್ಲ ಆರಬಹುದು; ಬೀಗದ ಕಂಡಿ ಕಾಣದೆ ಕೈ ತಡಕಾಡಬಹುದು; ಕಾಲುದಾರಿಯಲ್ಲಿ ಬಿದ್ದಿರುವುದು ಹಗ್ಗವೋ ಹಾವೋ ತಿಳಿಯದೆ ಹೆಜ್ಜೆ ನಿಲ್ಲಬಹುದು. ವೇದಾಂತಿಗಳ ರಜ್ಜುಸರ್ಪದ ದೃಷ್ಟಾಂತದಲ್ಲಿ ಭ್ರಾಂತಿಯನ್ನು ಕಳೆಯಲು ಬೇಕಾದುದು ಒಂದು ಕ್ಷಣದ ಬೆಳಕು ಮಾತ್ರ. ಆ ಒಂದು ಕ್ಷಣದಲ್ಲಿ ದೀಪವು ಕೈಗೆ ಸಿಕ್ಕಬೇಕು, ಸಿಕ್ಕಿದೊಡನೆ ಉರಿಯಬೇಕು. ಹತ್ತು ತಿಂಗಳು ಜೇಬಿನಲ್ಲಿ ಮೌನವಾಗಿದ್ದು, ಹನ್ನೊಂದನೆಯ ತಿಂಗಳ ಒಂದು ರಾತ್ರಿ ಕರೆದರೆ ಓಗೊಡುವುದೇ ಇಂತಹ ದೀಪದ ಮುಖ್ಯಗುಣ.

ಆದುದರಿಂದ ಚಿಕ್ಕ ದೀಪದ ಅಭಿವೃದ್ಧಿಯನ್ನು ಅದರ ಕಾಂತಿಯೊಂದರಿಂದಲೇ ಅಳೆಯಲಾಗದು. ಮೂರು ಪ್ರಶ್ನೆಗಳನ್ನು ಕೇಳಬೇಕಾಗುವುದು. ಅಲ್ಪಸ್ಥಳದಲ್ಲಿ ಎಷ್ಟು ಶಕ್ತಿಯನ್ನು ಎಷ್ಟು ಕಾಲ ಕೆಡದಂತೆ ಇಡಬಹುದು? ಆ ಶಕ್ತಿಯಲ್ಲಿ ಎಷ್ಟು ಭಾಗ ಬೆಳಕಾಗುವುದು, ಎಷ್ಟು ಭಾಗ ಶಾಖವಾಗಿ ಪೋಲಾಗುವುದು? ಬೇಡವಾದಾಗ ಅದು ತಾನಾಗಿ ಖರ್ಚಾಗದಂತೆ ತಡೆಯುವ ಬಗೆ ಹೇಗೆ? ನೂರಿಪ್ಪತ್ತೈದು ವರ್ಷಗಳಿಗೆ ಮಿಕ್ಕಿದ ಈ ಚರಿತ್ರೆಯೆಲ್ಲ ಈ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳ ಪರಂಪರೆ.

೨

ಫ್ರಾನ್ಸ್ ದೇಶದ ಜಾರ್ಜ್ ಲೆಕ್ಲಾಂಶೆ ಎಂಬಾತನು ೧೮೬೬ರಲ್ಲಿ ಒಂದು ಬಗೆಯ ಸೆಲ್ಲನ್ನು ರಚಿಸಿದನು. ಸತುವಿನ ಕಡ್ಡಿ, ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಪುಡಿ, ಇವೆಲ್ಲ ನವಸಾಗರದ ದ್ರಾವಣವಿರುವ ಗಾಜಿನ ಜಾಡಿಯಲ್ಲಿ ನಿಂತಿರುತ್ತಿದ್ದವು. ತಂತಿಕಚೇರಿಗಳಿಗೂ ಮನೆಯ ಕರೆಗಂಟೆಗಳಿಗೂ ಇದು ಬಹಳ ಉಪಯೋಗಕ್ಕೆ ಬಂದಿತು. ಆದರೆ ದ್ರವವು ಚೆಲ್ಲುವ ಜಾಡಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವುದು ಸಾಧ್ಯವಿಲ್ಲವಷ್ಟೆ. ೧೮೮೬ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಎಂಬಾತನು ಆ ದ್ರಾವಣವನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನೊಡನೆ ಕಲಸಿ ಸರಿಯಂತೆ ಗಟ್ಟಿಮಾಡಿ, ಸತುವಿನ ಕಡ್ಡಿಗೆ ಬದಲಾಗಿ ಸತುವಿನ ಡಬ್ಬಿಯನ್ನೇ ಪಾತ್ರೆಯನ್ನಾಗಿ ಮಾಡಿಕೊಂಡನು. ಒಣಸೆಲ್ಲು ಹುಟ್ಟಿದುದು ಹೀಗೆ. ಅದನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಚೆಲ್ಲದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿದ್ದ ನ್ಯಾಷನಲ್ ಕಾರ್ಬನ್ ಕಂಪನಿಯು ೧೮೯೬ರಲ್ಲಿ ಒಣಸೆಲ್ಲುಗಳನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿತು. ಎರಡು ವರ್ಷಗಳ ತರುವಾಯ ಇಂದಿಗೂ ದೊಡ್ಡ ಟಾರ್ಚುಗಳಲ್ಲಿ ಕಾಣುವ ‘ಡಿ’ ಗಾತ್ರದ ಸೆಲ್ಲು ಹೊರಬಂದಿತು.

ಇದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಕಾನ್ರಾಡ್ ಹ್ಯೂಬರ್ಟ್ ಎಂಬ ವರ್ತಕನಿದ್ದನು. ಆತನು ರಷ್ಯಾ ಸಾಮ್ರಾಜ್ಯದ ಮಿನ್ಸ್ಕ್ ಪ್ರಾಂತದಿಂದ ವಲಸೆ ಬಂದ ಯೆಹೂದ್ಯ. ಹುಟ್ಟುಹೆಸರು ಅಕಿಬಾ ಹೊರೊವಿಟ್ಸ್. ಹಲವು ವೃತ್ತಿಗಳನ್ನು ಹಿಡಿದು ಬಿಟ್ಟ ಮೇಲೆ ಆತನು ವಿದ್ಯುತ್ತಿನ ವಿನೋದವಸ್ತುಗಳ ವ್ಯಾಪಾರವನ್ನು ಕೈಗೊಂಡನು. ಕೊರಳಪಟ್ಟಿಗೆ ಚುಚ್ಚಿಕೊಳ್ಳುವ ಮಿನುಗುದೀಪದ ಪಿನ್ನು ಅಂತಹ ವಸ್ತುಗಳಲ್ಲೊಂದು. ಮೈಮೇಲೆ ಧರಿಸುವ ಪುಟ್ಟ ವಿದ್ಯುದ್ದೀಪವು ಮೊದಲು ಜನರನ್ನು ರಂಜಿಸುವ ಅಲಂಕಾರವಾಗಿಯೇ ಕಾಣಿಸಿಕೊಂಡಿತೆಂಬುದು ಗಮನಿಸತಕ್ಕ ಸಂಗತಿ. ಹ್ಯೂಬರ್ಟನ ಜೊತೆಯಲ್ಲಿ ಕೆಲಸಮಾಡುತ್ತಿದ್ದ ಡೇವಿಡ್ ಮಿಸೆಲ್ ಎಂಬ ಕಲ್ಪಕನು ಕಾಗದದ ಕೊಳವೆಯೊಂದರಲ್ಲಿ ‘ಡಿ’ ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿ, ಕೊನೆಯಲ್ಲಿ ಒಂದು ಬಲ್ಬನ್ನೂ ಒರಟಾದ ಹಿತ್ತಾಳೆಯ ಪ್ರತಿಫಲಕವನ್ನೂ ಕೂಡಿಸಿದನು. ೧೮೯೯ನೆಯ ಇಸವಿ ಜನವರಿ ೧೦ರಂದು ಇದಕ್ಕೆ ಅಮೆರಿಕಾದ ಪೇಟೆಂಟು ದೊರೆಯಿತು. ಹಕ್ಕು ಹ್ಯೂಬರ್ಟನ ಕಂಪನಿಗೆ ಸೇರಿತು. ಹ್ಯೂಬರ್ಟನು ಕೆಲವು ದೀಪಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಉಚಿತವಾಗಿ ಕೊಟ್ಟನು. ಅವರು ಮೆಚ್ಚಿ ಆಡಿದ ಮಾತುಗಳೇ ಅದಕ್ಕೆ ಮೊದಲ ಜಾಹೀರಾತಾದವು.

ಆ ದೀಪಕ್ಕೆ ಅಮೆರಿಕನ್ನರು ‘ಫ್ಲ್ಯಾಷ್‌ಲೈಟ್’ ಎಂದರೆ ‘ಮಿಂಚುದೀಪ’ವೆಂದು ಹೆಸರಿಟ್ಟರು. ಈ ಹೆಸರಿನಲ್ಲಿ ಹೊಗಳಿಕೆಗಿಂತ ಒಪ್ಪಿಗೆಯೇ ಹೆಚ್ಚು. ಅಂದಿನ ಬಲ್ಬಿನಲ್ಲಿದ್ದುದು ಇಂಗಾಲದ ತಂತು. ಅದು ಶಕ್ತಿಯನ್ನು ಬಹಳ ತಿಂದು ಬೆಳಕನ್ನು ಸ್ವಲ್ಪವೇ ಕೊಡುತ್ತಿತ್ತು. ಸೆಲ್ಲಿನ ಮೇಲೆ ಭಾರ ಹೆಚ್ಚಾದರೆ ಅದರೊಳಗಿನ ಇಂಗಾಲದ ಕಡ್ಡಿಯ ಬಳಿ ಜಲಜನಕವು ಕೂಡಿಕೊಂಡು ಪ್ರವಾಹಕ್ಕೆ ಅಡ್ಡಿಯಾಗುವುದು. ಮ್ಯಾಂಗನೀಸಿನ ಪುಡಿಯು ಅದನ್ನು ನಿಧಾನವಾಗಿ ತೊಡೆದುಹಾಕಬೇಕು. ಆದುದರಿಂದ ದೀಪವನ್ನು ಒಂದು ಕ್ಷಣ ಒತ್ತಿ, ನೋಡುವುದನ್ನು ನೋಡಿ, ಬಿಟ್ಟುಬಿಡಬೇಕಾಗಿತ್ತು. ವಿಶ್ರಾಂತಿ ದೊರೆತರೆ ಸೆಲ್ಲು ಮತ್ತೆ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ದೀಪದ ದೌರ್ಬಲ್ಯವೇ ಅದರ ಹೆಸರಾಯಿತು.

೩

ಈ ದೌರ್ಬಲ್ಯವು ಮೊದಲು ನೀಗಿದುದು ತಂತುವಿನ ಕಡೆಯಿಂದ. ಟಂಗ್‌ಸ್ಟನ್ ಎಂಬ ಲೋಹವು ಇಂಗಾಲಕ್ಕಿಂತ ಹೆಚ್ಚು ಬೆಳಕನ್ನು ಕೊಡುವುದೆಂದು ೧೯೦೪ರ ವೇಳೆಗೆ ತಿಳಿದಿದ್ದಿತಾದರೂ ಅದು ಬಹು ಪೆಡಸಾದುದರಿಂದ ಎಳೆಯಾಗಿ ಎಳೆಯಲು ಬರುತ್ತಿರಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್ ೧೯೧೦ರ ವೇಳೆಗೆ ಅದನ್ನು ಬಾಗುವ ತಂತಿಯನ್ನಾಗಿ ಮಾಡುವ ಕ್ರಮವನ್ನು ಕಂಡುಹಿಡಿದನು. ಅಲ್ಲಿಂದ ಮುಂದೆ ಮಿಂಚುದೀಪವು ಮಿಂಚುವುದನ್ನು ಬಿಟ್ಟು ನಿಂತು ಉರಿಯಲು ಕಲಿಯಿತು. ಇದೇ ಕಾಲದಲ್ಲಿ ಅಂಗಿಯ ಜೇಬಿನಲ್ಲಿ ಹಿಡಿಯುವ ಚಪ್ಪಟೆಯಾದ ದೀಪಗಳೂ ಪ್ರಚಾರಕ್ಕೆ ಬಂದವು. ಹ್ಯೂಬರ್ಟನ ಕಂಪನಿಯು ‘ಎವರೆಡಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ, ಕ್ರಮೇಣ ನ್ಯಾಷನಲ್ ಕಾರ್ಬನ್ ಕಂಪನಿಯಲ್ಲಿ ಲೀನವಾಯಿತು. ‘ಡಬಲ್ ಎ’ ಎಂಬ ಪೆನ್ಸೆಲ್ಲು ೧೯೦೭ರಲ್ಲಿಯೂ, ಅದಕ್ಕಿಂತ ಸಣ್ಣದಾದ ‘ಟ್ರಿಪಲ್ ಎ’ ಸೆಲ್ಲು ೧೯೧೧ರಲ್ಲಿಯೂ ಇದೇ ಮನೆತನದಲ್ಲಿ ಹುಟ್ಟಿದವು. ಈ ಕಡೆಯ ಸೆಲ್ಲೇ ಮುಂದೆ ಬೀಗದಕೈ ಗೊಂಚಲಿನ ದೀಪಕ್ಕೆ ಬೆನ್ನೆಲುಬಾಯಿತು.

ಆದರೆ ಇಲ್ಲಿ ಒಂದು ಕಠಿನವಾದ ಲೆಕ್ಕವು ಅಡ್ಡಬರುವುದು. ವಸ್ತುವಿನ ಉದ್ದ, ಅಗಲ, ದಪ್ಪಗಳನ್ನು ಅರ್ಧಕ್ಕೆ ಇಳಿಸಿದರೆ ಅದರೊಳಗಿನ ಜಾಗವು ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಾಗುವುದು. ‘ಡಿ’ ಸೆಲ್ಲಿನ ವ್ಯಾಸ ಸುಮಾರು ೩೪ ಮಿಲಿಮೀಟರು, ಎತ್ತರ ಸುಮಾರು ೬೧ ಮಿಲಿಮೀಟರು. ‘ಟ್ರಿಪಲ್ ಎ’ ಸೆಲ್ಲಿನ ವ್ಯಾಸ ಹತ್ತೂವರೆ ಮಿಲಿಮೀಟರು, ಉದ್ದ ನಲವತ್ತನಾಲ್ಕೂವರೆ. ನೋಡುವುದಕ್ಕೆ ದೊಡ್ಡದರ ಮೂರನೆಯ ಒಂದು ಭಾಗದಷ್ಟಿರುವಂತೆ ತೋರಿದರೂ ಲೆಕ್ಕಹಾಕಿದರೆ ಸುಮಾರು ಹದಿನಾಲ್ಕರಲ್ಲೊಂದು ಪಾಲಿನಷ್ಟು ಪದಾರ್ಥವನ್ನು ಮಾತ್ರ ಹಿಡಿಯುವುದು. ದೊಡ್ಡ ದೀಪವು ದುಂದುಗಾರನಾದ ಜಮೀನುದಾರನಂತೆ. ಸ್ವಲ್ಪ ಪೋಲಾದರೂ ತಿಳಿಯದು. ಚಿಕ್ಕ ದೀಪವು ಕೂಲಿಯವನ ಸಂಸಾರದಂತೆ. ಕಾಸಿಗೆ ಕಾಸು ಲೆಕ್ಕವಿರಬೇಕು. ಒಳ್ಳೆಯ ಕೈದೀಪಗಳು ಬಂದು ಎಷ್ಟೋ ದಶಕಗಳಾದ ಮೇಲೂ ಒಳ್ಳೆಯ ಪುಟ್ಟದೀಪವು ಬಾರದಿದ್ದುದಕ್ಕೆ ಇದೇ ಕಾರಣ.

ಎರಡನೆಯ ಕಷ್ಟವು ಸೆಲ್ಲಿನ ಸ್ವಭಾವಕ್ಕೆ ಸೇರಿದ್ದು. ಹಳೆಯ ಒಣಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಪಾತ್ರೆ, ಡಬ್ಬಿಯೇ ಇಂಧನ. ಉಪಯೋಗಿಸಿದಂತೆಲ್ಲ ಪಾತ್ರೆಯು ತಾನೇ ಕರಗುತ್ತ ಬಂದು ಕೊನೆಗೆ ತೂತುಬೀಳುವುದು; ಒಳಗಿನ ರಸವು ಸೋರಿ ದೀಪದ ಒಡಲನ್ನು ತಿಂದುಹಾಕುವುದು. ಭಾರತದಲ್ಲಿ ಎವರೆಡಿ ಕಂಪನಿಯ ಶಾಖೆಯು ೧೯೩೪ರಲ್ಲಿ ಕಲ್ಕತ್ತೆಯಲ್ಲಿ ನೋಂದಾವಣೆಯಾಯಿತು. ಅದರ ಸೆಲ್ಲುಗಳೂ ಟಾರ್ಚುಗಳೂ ಕಾಲಕ್ರಮದಲ್ಲಿ ಕನ್ನಡನಾಡಿನ ಸಂತೆಗಳಿಗೂ ಬಂದವು. ಉಪಯೋಗಿಸದೆ ಇರುವಾಗ ಸೆಲ್ಲುಗಳನ್ನು ಹೊರತೆಗೆದಿಡುವ ಪದ್ಧತಿಯನ್ನೂ, ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೊಂದು ದಿನ ದುಡಿಸಿಕೊಳ್ಳುವ ಉಪಾಯವನ್ನೂ ಮನೆಯ ಹಿರಿಯರು ಬಲ್ಲವರಾಗಿದ್ದರು. ದೊಡ್ಡ ಟಾರ್ಚಿಗೆ ಈ ಉಪಚಾರವು ಸಲ್ಲುವುದು. ಯಾವ ಗಳಿಗೆಯಲ್ಲಿ ಬೇಕಾಗುವುದೋ ತಿಳಿಯದ ಪುಟ್ಟದೀಪದಿಂದ ಸೆಲ್ಲನ್ನು ಹೊರತೆಗೆದಿಟ್ಟರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆಲ್ಲಿನ ಹಂಗೇ ಬೇಡವೆಂಬ ಪ್ರಯತ್ನವೊಂದು ನಡೆಯಿತು. ಹಾಲೆಂಡಿನ ಫಿಲಿಪ್ಸ್ ಕಂಪನಿಯು ಮುಷ್ಟಿಯಲ್ಲಿ ಹಿಡಿದು ಸನ್ನೆಯನ್ನು ಹಿಚುಕಿದರೆ ಒಳಗಿನ ಚಿಕ್ಕ ಡೈನಮೋ ತಿರುಗಿ ಉರಿಯುವ ದೀಪವನ್ನು ತಯಾರಿಸಿತು. ಅದು ಗುರುಗುಟ್ಟುವ ಸದ್ದನ್ನು ಕೇಳಿ ಡಚ್ಚರು ಅದಕ್ಕೆ ‘ಹಿಚುಕುವ ಬೆಕ್ಕು’ ಎಂದು ಹೆಸರಿಟ್ಟರು. ಕತ್ತಲೆಯನ್ನು ವಿಧಿಸಿದ್ದ ಊರುಗಳಲ್ಲಿ, ಸೆಲ್ಲು ದೊರೆಯದ ದಿನಗಳಲ್ಲಿ ಅದು ಜನರಿಗೆ ಆಸರೆಯಾಯಿತು. ಎಂದೆಂದಿಗೂ ಬರಿದಾಗದ ದೀಪವೆಂದರೆ ಅದೊಂದೇ. ಆದರೆ ಒಂದು ಕೈ ಅದಕ್ಕೆ ಸದಾ ಮೀಸಲಾಗಿರಬೇಕಾದುದರಿಂದಲೂ, ಡೈನಮೋ ಹಿಡಿಯುವ ಸ್ಥಳದಿಂದಲೂ ಅದು ಬೀಗದಕೈಗಳ ಸಂಗಡ ಸೇರಲಾರದೆ ಹೋಯಿತು.

ಸೆಲ್ಲಿನ ಸ್ವಭಾವವು ತಿದ್ದಿದುದು ೧೯೫೦ರ ದಶಕದಲ್ಲಿ. ಕೆನಡಾ ದೇಶದ ಲೂಯಿಸ್ ಅರಿ ಎಂಬ ರಸಾಯನಜ್ಞನು ೧೯೫೫ರಲ್ಲಿ ಎವರೆಡಿಯ ಓಹಾಯೋ ಪ್ರಯೋಗಶಾಲೆಗೆ ಬಂದು, ನವಸಾಗರಕ್ಕೆ ಬದಲಾಗಿ ಪೊಟಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನೂ, ಸತುವಿನ ಡಬ್ಬಿಗೆ ಬದಲಾಗಿ ಸತುವಿನ ಪುಡಿಯನ್ನೂ ಉಪಯೋಗಿಸಿದನು. ಪುಡಿಯಾದಾಗ ಲೋಹದ ಮೈ ಬಹಳ ಹೆಚ್ಚುವುದರಿಂದ ಪ್ರವಾಹವು ಸರಾಗವಾಯಿತು. ಹಳೆಯ ಸೆಲ್ಲನ್ನೊಂದು ಆಟದ ಕಾರಿನಲ್ಲಿಯೂ ಹೊಸದನ್ನು ಇನ್ನೊಂದರಲ್ಲಿಯೂ ಇಟ್ಟು ಕಂಪನಿಯ ಊಟದ ಮನೆಯಲ್ಲಿ ಓಡಿಸಿ, ಅಧಿಕಾರಿಗಳನ್ನು ಆತನು ಒಪ್ಪಿಸಿದನೆಂದು ಪ್ರಸಿದ್ಧವಾಗಿದೆ. ೧೯೫೯ರಲ್ಲಿ ಕ್ಷಾರಸೆಲ್ಲು ಮಾರುಕಟ್ಟೆಗೆ ಬಂದಿತು. ಇದೂ ಸೋರುವುದುಂಟು, ಆದರೆ ವರ್ಷಗಟ್ಟಲೆ ಸುಮ್ಮನಿದ್ದರೂ ತನ್ನ ಶಕ್ತಿಯ ಬಹುಭಾಗವನ್ನು ಉಳಿಸಿಕೊಳ್ಳುವುದು. ಕಾಯುವುದೇ ಕಾಯಕವಾದ ಪುಟ್ಟದೀಪಕ್ಕೆ ಇಂತಹ ಸೆಲ್ಲೇ ಬೇಕಾಗಿತ್ತು.

೪

ಆಂಟನಿ ಮ್ಯಾಗ್ಲಿಕಾ ಎಂಬಾತನು ನ್ಯೂಯಾರ್ಕಿನಲ್ಲಿ ೧೯೩೦ರಲ್ಲಿ ಹುಟ್ಟಿ, ತಾಯಿಯ ನಾಡಾದ ಕ್ರೊಯೇಷಿಯಾದಲ್ಲಿ ಬೆಳೆದು, ೧೯೫೦ರಲ್ಲಿ ಮರಳಿ ಅಮೆರಿಕಾಕ್ಕೆ ಬಂದವನು. ಲೋಹವನ್ನು ಕಡೆಯುವ ಯಂತ್ರಗಳ ಕೆಲಸದಲ್ಲಿ ನುರಿತ ಈತನು ಕ್ಯಾಲಿಫೋರ್ನಿಯಾದಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ ೧೯೭೯ರಲ್ಲಿ ‘ಮ್ಯಾಗ್‌ಲೈಟ್’ ಎಂಬ ಅಲ್ಯುಮಿನಿಯಂ ಟಾರ್ಚನ್ನು ಹೊರತಂದನು. ೧೯೮೪ರಲ್ಲಿ ಅದರ ಮರಿಯಾದ ಪೆನ್ಸೆಲ್ಲಿನ ದೀಪವೂ, ೧೯೮೮ರಲ್ಲಿ ಒಂದೇ ‘ಟ್ರಿಪಲ್ ಎ’ ಸೆಲ್ಲಿನ ‘ಸಾಲಿಟೇರ್’ ಎಂಬ ದೀಪವೂ ಬಂದವು. ಬೀಗದಕೈ ಗೊಂಚಲಿಗಾಗಿಯೇ ಮನಸ್ಸಿಟ್ಟು ಮಾಡಿದ ದೀಪಗಳಲ್ಲಿ ಈ ಸಾಲಿಟೇರು ಬಹಳ ಪ್ರಸಿದ್ಧವಾದುದು.

ಅದಕ್ಕೆ ಮುಂಚೆ ಇದ್ದ ಪುಟ್ಟದೀಪಗಳು ಬಹುಮಟ್ಟಿಗೆ ಆಟದ ಸಾಮಾನಿನಂತಹವು. ಹಿಚುಕಿದರೆ ಉರಿಯುವ ತೆಳುವಾದ ಪ್ಲಾಸ್ಟಿಕ್ ಚಿಪ್ಪುಗಳು ಬೀಗದಕೈಗಳ ತಿಕ್ಕಾಟಕ್ಕೆ ಒಡೆಯುತ್ತಿದ್ದವು; ಜೇಬಿನಲ್ಲಿ ತಾವಾಗಿಯೇ ಒತ್ತಿಕೊಂಡು ಸೆಲ್ಲನ್ನು ಬರಿದುಮಾಡುತ್ತಿದ್ದವು. ಸಾಲಿಟೇರಿನಲ್ಲಿ ಪ್ರತ್ಯೇಕವಾದ ಗುಂಡಿಯಿರಲಿಲ್ಲ. ದೀಪದ ತಲೆಯನ್ನು ತಿರುಚಿದರೆ ಉರಿಯುವುದು. ಇನ್ನಷ್ಟು ತಿರುಚಿದರೆ ಬೆಳಕು ಹರಡುವುದು ಅಥವಾ ಕೂಡಿಕೊಳ್ಳುವುದು. ಗಟ್ಟಿಯಾದ ಲೋಹದ ಒಡಲು, ನೀರು ಒಳಸೇರದಂತೆ ರಬ್ಬರಿನ ಉಂಗುರ, ಬಾಲದ ಮುಚ್ಚಳದೊಳಗೆ ಒಂದು ಬದಲಿ ಬಲ್ಬು. ಈ ಬದಲಿ ಬಲ್ಬಿನಲ್ಲಿ ತಯಾರಕನ ಪ್ರಾಮಾಣಿಕತೆಯೂ ದೀಪದ ಅನಿಶ್ಚಯವೂ ಒಟ್ಟಿಗೆ ಕಾಣುವುವು. ಬೀಗದಕೈಗಳು ಕೈಜಾರಿ ಬೀಳುವುದು ದಿನದಿನದ ಮಾತು. ಬಿದ್ದಾಗ ಕೂದಲಿಗಿಂತ ನವುರಾದ ತಂತು ಕಡಿಯಬಹುದು. ಕಡಿದರೆ ಕತ್ತಲೆಯಲ್ಲಿಯೇ ಕೂದಲೆಳೆಯಂತಹ ಎರಡು ಕಡ್ಡಿಗಳ ಬಲ್ಬನ್ನು ತಡವಿ ಕೂಡಿಸಬೇಕು.

ಅದರ ಬೆಳಕು ಸುಮಾರು ಎರಡು ಲ್ಯೂಮೆನ್. ಬೀಗದ ಕಂಡಿಯನ್ನು ಹುಡುಕಲು ಸಾಕು, ಗೇಟಿನ ಆಚೆ ನೋಡಲು ಸಾಲದು. ತಪ್ಪು ಕುಶಲಕರ್ಮಿಯದಲ್ಲ. ತಂತುವೆಂಬುದು ಮೂಲತಃ ಒಂದು ಒಲೆ. ಅದನ್ನು ಬಿಳಿಗಾಯಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿಯೇ ಹೋಗುವುದು, ಉಳಿದುದು ಬೆಳಕು. ಒಂದೇ ಪುಟ್ಟ ಸೆಲ್ಲಿನ ಗಳಿಕೆಯಲ್ಲಿ ಇಷ್ಟು ಪೋಲುಮಾಡುವ ಸಂಸಾರ ಎಷ್ಟು ದಿನ ನಡೆದೀತು? ಲೋಹದ ಕೆಲಸದಿಂದ ಆಗಬಹುದಾದುದೆಲ್ಲ ಆಗಿಹೋಗಿತ್ತು. ಮುಂದಿನ ಹೆಜ್ಜೆಗೆ ಬೆಳಕಿನ ಮೂಲವೇ ಬದಲಾಗಬೇಕಾಗಿತ್ತು.

೫

ಕೆಲವು ಹರಳುಗಳಲ್ಲಿ ವಿದ್ಯುತ್ತು ಹರಿದಾಗ ಅವು ಕಾಯದೆಯೇ ಬೆಳಗುವುವೆಂಬ ಸಂಗತಿಯನ್ನು ಇಂಗ್ಲೆಂಡಿನ ಹೆನ್ರಿ ರೌಂಡ್ ೧೯೦೭ರಲ್ಲಿಯೂ, ರಷ್ಯಾದ ಓಲೆಗ್ ಲೋಸೆವ್ ೧೯೨೦ರ ದಶಕದಲ್ಲಿಯೂ ಗಮನಿಸಿದ್ದರು. ಆಗ ಅದರಿಂದ ಪ್ರಯೋಜನವೇನೂ ತೋರಲಿಲ್ಲ. ೧೯೬೨ರಲ್ಲಿ ಅಮೆರಿಕಾದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕನ್ನು ಕೊಡುವ ಅರೆವಾಹಕ ದೀಪವನ್ನು ತಯಾರಿಸಿದನು. ಎಲ್‌.ಇ.ಡಿ. ಎಂದು ಈಗ ಎಲ್ಲರ ಬಾಯಲ್ಲಿಯೂ ಆಡುವ ವಸ್ತು ಇದೇ. ಇದರಲ್ಲಿ ಕಾಯುವ ತಂತುವಿಲ್ಲ, ಕಡಿಯುವ ಎಳೆಯಿಲ್ಲ. ನೆಲಕ್ಕೆ ಬಿದ್ದರೂ ಸುಲಭವಾಗಿ ಕೆಡದು. ಆದರೆ ಮೂವತ್ತು ವರ್ಷಗಳ ಕಾಲ ಅದು ಕೆಂಪು, ಹಳದಿ, ಮಂಕುಹಸುರು ಬಣ್ಣಗಳಲ್ಲಿಯೇ ನಿಂತು ಯಂತ್ರಗಳ ಮುಖದ ಮೇಲೆ ಸೂಚನೆಯ ಬೊಟ್ಟಾಗಿತ್ತು. ಬಿಳಿಯ ಬೆಳಕಿಗೆ ನೀಲಿಯು ಬೇಕು. ನೀಲಿಯನ್ನು ಕೊಡುವ ಹರಳನ್ನು ಬೆಳೆಸುವುದು ಯಾರಿಗೂ ಸರಿಯಾಗಿ ಸಾಧ್ಯವಾಗಿರಲಿಲ್ಲ.

ಜಪಾನಿನಲ್ಲಿ ಇಸಾಮು ಅಕಾಸಾಕಿ ಮತ್ತು ಆತನ ಶಿಷ್ಯನಾದ ಹಿರೋಶಿ ಅಮಾನೊ ಗ್ಯಾಲಿಯಂ ನೈಟ್ರೈಡ್ ಎಂಬ ಪದಾರ್ಥವನ್ನು ಹಿಡಿದು ವರ್ಷಗಟ್ಟಲೆ ಶ್ರಮಿಸಿದರು. ಅದೇ ದಾರಿಯಲ್ಲಿ ಪ್ರತ್ಯೇಕವಾಗಿ ನಡೆದ ಶೂಜಿ ನಕಾಮುರಾ, ಟೊಕುಶಿಮಾ ಪ್ರಾಂತದ ನಿಚಿಯಾ ಎಂಬ ಕಂಪನಿಯಲ್ಲಿದ್ದುಕೊಂಡು ೧೯೯೩ರಲ್ಲಿ ಪ್ರಖರವಾದ ನೀಲಿ ದೀಪವನ್ನು ಪ್ರಕಟಿಸಿದನು. ಈ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ೧೯೯೬ರಲ್ಲಿ ನಿಚಿಯಾ ಕಂಪನಿಯು ನೀಲಿ ಹರಳಿನ ಮೇಲೆ ಹಳದಿಯ ಕಾಂತಿಯನ್ನು ಬೀರುವ ಪುಡಿಯೊಂದನ್ನು ಲೇಪಿಸಿತು. ನೀಲಿಯ ಒಂದು ಭಾಗವು ಪುಡಿಯನ್ನು ತಾಗಿ ಹಳದಿಯಾಗುವುದು. ಉಳಿದ ನೀಲಿಯೊಡನೆ ಅದು ಬೆರೆತಾಗ ಕಣ್ಣಿಗೆ ಬಿಳುಪು ತೋರುವುದು.

ಈ ಹೊಸ ದೀಪವು ದೊಡ್ಡ ಟಾರ್ಚುಗಳಿಗೆ ಆಗ ಸಾಲುತ್ತಿರಲಿಲ್ಲ. ಚಿಕ್ಕವುಗಳಿಗಾದರೋ ಅದು ವರವಾಗಿ ಬಂದಿತು. ೧೯೯೦ರ ದಶಕದಲ್ಲಿ ಅಮೆರಿಕಾದಲ್ಲಿ ‘ಫೋಟಾನ್ ಮೈಕ್ರೋಲೈಟ್’ ಎಂಬ ದೀಪವು ಕಾಣಿಸಿಕೊಂಡಿತು. ನಾಣ್ಯದಂತಹ ಲಿಥಿಯಂ ಸೆಲ್ಲೇ ಅದರ ಒಡಲು. ‘೨೦೩೨’ ಎಂಬ ಸಂಖ್ಯೆಯ ಸೆಲ್ಲಿನ ವ್ಯಾಸ ೨೦ ಮಿಲಿಮೀಟರು, ದಪ್ಪ ೩.೨ ಮಿಲಿಮೀಟರು, ತೂಕ ಸುಮಾರು ಮೂರು ಗ್ರಾಮು. ಸಂಖ್ಯೆಯಲ್ಲಿಯೇ ಅಳತೆಯೂ ಅಡಗಿದೆ. ‘ಟ್ರಿಪಲ್ ಎ’ ಸೆಲ್ಲಿನ ಕಾಲುಭಾಗದಷ್ಟು ಜಾಗದಲ್ಲಿ ಅದರ ಸುಮಾರು ಅರ್ಧದಷ್ಟು ಶಕ್ತಿಯು ಇದರಲ್ಲಿರುವುದು. ಸುಮ್ಮನಿದ್ದರೆ ವರ್ಷಕ್ಕೆ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಸವೆಯುವುದು.

ಇದರ ಸರಳತೆಯು ಮೆಚ್ಚತಕ್ಕದ್ದು. ಕೆಂಪು ದೀಪಕ್ಕೆ ಎರಡು ವೋಲ್ಟಿನಷ್ಟು ಒತ್ತಡ ಸಾಕಾದುದರಿಂದ ಮೂರು ವೋಲ್ಟಿನ ಒಂದು ‘೨೦೩೨’ ಸೆಲ್ಲನ್ನು ಇಟ್ಟರು. ಬಿಳಿಗೂ ನೀಲಿಗೂ ಮೂರಕ್ಕಿಂತ ಹೆಚ್ಚು ಬೇಕಾದುದರಿಂದ ಅದೇ ಜಾಗದಲ್ಲಿ ಅರ್ಧದಪ್ಪದ ಎರಡು ‘೨೦೧೬’ ಸೆಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಆರು ವೋಲ್ಟು ಪಡೆದರು. ಇಷ್ಟು ಒತ್ತಡವು ದೀಪವನ್ನು ಸುಡಬಾರದೆಂದು ಪ್ರತ್ಯೇಕವಾದ ತಡೆಯನ್ನೇನೂ ಇಡಲಿಲ್ಲ. ನಾಣ್ಯದ ಸೆಲ್ಲಿನ ಒಳಗೇ ಇರುವ ಸ್ವಾಭಾವಿಕ ತಡೆಯು ಆ ಕೆಲಸವನ್ನು ಮಾಡಿತು. ಸೆಲ್ಲಿನ ದೋಷವನ್ನೇ ಗುಣವಾಗಿ ತಿರುಗಿಸಿಕೊಂಡ ಉಪಾಯವಿದು. ಸೆಲ್ಲು ಸೋಲುತ್ತ ಬಂದಂತೆ ಬೆಳಕು ಕುಂದುವುದೇ ಹೊರತು ಥಟ್ಟನೆ ಆರುವುದಿಲ್ಲ. ಬೀಗದಕೈಗಳ ನಡುವೆ ಅದೂ ಒಂದು ಬೀಗದಕೈಯಷ್ಟೇ ಹಗುರವಾಗಿ ಉಳಿಯಿತು.

೬

ಸಾಮಾನ್ಯವಾದ ‘ಟ್ರಿಪಲ್ ಎ’ ಸೆಲ್ಲು ಎಲ್ಲ ಅಂಗಡಿಗಳಲ್ಲಿಯೂ ಸಿಕ್ಕುವುದು. ಆದರೆ ಅದರ ಒತ್ತಡ ಒಂದೂವರೆ ವೋಲ್ಟು; ಬಿಳಿಯ ದೀಪಕ್ಕೆ ಬೇಕಾದುದರ ಅರ್ಧಕ್ಕೂ ಕಡಮೆ. ತಗ್ಗಿನ ಬಾವಿಯಲ್ಲಿರುವ ನೀರು ದಿಣ್ಣೆಯ ಹೊಲಕ್ಕೆ ತಾನಾಗಿ ಹರಿಯದು; ಏತ ಬೇಕು. ವಿದ್ಯುತ್ತಿನ ಏತವೆಂದರೆ ಒಂದು ಪುಟ್ಟ ಸುರುಳಿಯೂ, ಕ್ಷಣಕ್ಕೆ ಸಾವಿರಾರು ಸಲ ಪ್ರವಾಹವನ್ನು ತಡೆದು ಬಿಡುವ ಒಂದು ಸ್ವಿಚ್ಚೂ ಕೂಡಿದ ಮಂಡಲ. ಪ್ರವಾಹವು ತಡೆದಾಗಲೆಲ್ಲ ಸುರುಳಿಯು ಹೆಚ್ಚಿನ ಒತ್ತಡದಿಂದ ಚಿಮ್ಮುವುದು. ಏತದ ಧರ್ಮವೇ ಇದಕ್ಕೂ ಉಂಟು: ಎತ್ತರ ಹೆಚ್ಚಿದಷ್ಟು ಮೊತ್ತ ಕಡಮೆಯಾಗುವುದು, ದಾರಿಯಲ್ಲಿ ಸ್ವಲ್ಪ ಚೆಲ್ಲುವುದು. ಇಂತಹ ಮಂಡಲವನ್ನು ಬೆರಳ ತುದಿಯಷ್ಟು ತಲೆಯೊಳಗೆ ಅಡಗಿಸಿದ ‘ಆರ್ಕ್’ ಎಂಬ ಒಂದೇ ಸೆಲ್ಲಿನ ದೀಪವು ಅಮೆರಿಕಾದಲ್ಲಿ ೨೦೦೧ರ ಸುಮಾರಿಗೆ ಬಂದು ದೀಪಪ್ರಿಯರ ಮೆಚ್ಚುಗೆಯನ್ನು ಪಡೆಯಿತು. ಬಳಲಿದ ಸೆಲ್ಲಿನಿಂದಲೂ ಕಡೆಯ ಹನಿಯವರೆಗೆ ಶಕ್ತಿಯನ್ನು ಸೇದುವುದು ಈ ಬಗೆಯ ದೀಪಗಳ ವಿಶೇಷ.

ಆ ಮೇಲಿನ ಹತ್ತು ವರ್ಷಗಳಲ್ಲಿ ಎಲ್‌.ಇ.ಡಿ.ಯ ದಕ್ಷತೆಯು ಬಹು ವೇಗವಾಗಿ ಏರಿತು. ಮೊದಲ ಬಿಳಿ ದೀಪಗಳು ತಂತುವಿನ ಬಲ್ಬಿಗೆ ಸಮಸಮನಾಗಿದ್ದವು. ಈಗಿನವು ಒಂದು ವಾಟಿಗೆ ನೂರು ಲ್ಯೂಮೆನ್ನಿಗೂ ಮೀರಿ ಕೊಡಬಲ್ಲವು. ಆದರೆ ಈ ಲಾಭವನ್ನು ಯಾವುದಕ್ಕೆ ವಿನಿಯೋಗಿಸಿದರೆಂಬುದನ್ನು ವಿಚಾರಿಸಬೇಕು. ಹಳೆಯ ಸಾಲಿಟೇರಿಗೆ ಸುಮಾರು ಇಪ್ಪತ್ತೈದು ವರ್ಷಗಳ ತರುವಾಯ ಎಲ್‌.ಇ.ಡಿ.ಯನ್ನು ಕೂಡಿಸಿದಾಗ ಅದರ ಬೆಳಕು ಎರಡು ಲ್ಯೂಮೆನ್ನಿನಿಂದ ಮೂವತ್ತೇಳಕ್ಕೆ ಏರಿತು. ಉರಿಯುವ ಕಾಲವಾದರೋ ಮೂರೂಮುಕ್ಕಾಲು ಗಂಟೆಯಿಂದ ಒಂದೂಮುಕ್ಕಾಲು ಗಂಟೆಗೆ ಇಳಿಯಿತು. ಸೆಲ್ಲು ಅದೇ, ಒಡಲು ಅದೇ. ದೊರೆತ ಉಳಿತಾಯವೆಲ್ಲ ಕಾಂತಿಗೆ ಹೋಯಿತು. ಕೊ‌ಳ್ಳುವವನು ಅಂಗಡಿಯಲ್ಲಿ ಕಾಂತಿಯನ್ನು ನೋಡಬಲ್ಲನೇ ಹೊರತು ಬಾಳಿಕೆಯನ್ನು ನೋಡಲಾರನು. ಹಗ್ಗವೋ ಹಾವೋ ತಿಳಿಯಲು ಎರಡು ಲ್ಯೂಮೆನ್ ಸಾಕೆಂಬ ಮಾತನ್ನು ಯಾವ ವರ್ತಕನೂ ಡಬ್ಬಿಯ ಮೇಲೆ ಅಚ್ಚುಹಾಕಿಸುವುದಿಲ್ಲ.

ಕಾಂತಿಯ ಈ ಪೈಪೋಟಿಯಲ್ಲಿ ಉತ್ಪ್ರೇಕ್ಷೆಯೂ ಬೆಳೆಯಿತು. ಅಳತೆಗಳಿಗೆ ಒಂದು ನಿಯಮವಿರಬೇಕೆಂದು ಅಮೆರಿಕಾದ ತಯಾರಕರು ೨೦೦೯ರಲ್ಲಿ ಒಂದು ಮಾನದಂಡವನ್ನು ಏರ್ಪಡಿಸಿಕೊಂಡರು. ದೀಪವನ್ನು ಹೊತ್ತಿಸಿದ ಮೂವತ್ತು ಸೆಕೆಂಡಿನಿಂದ ಎರಡು ನಿಮಿಷದೊಳಗೆ ಬೆಳಕನ್ನು ಅಳೆಯಬೇಕು. ಅದು ನೂರಕ್ಕೆ ಹತ್ತು ಪಾಲಿಗೆ ಇಳಿಯುವವರೆಗಿನ ಕಾಲವನ್ನು ಬಾಳಿಕೆಯೆಂದು ಹೇಳಬೇಕು. ಎಷ್ಟು ದೂರದಲ್ಲಿ ಬೆಳಕು ಕಾಲು ಲಕ್ಸಿಗೆ ಇಳಿಯುವುದೋ ಅದೇ ಕಿರಣದ ದೂರವೆನ್ನಬೇಕು. ನಿಯಮವನ್ನು ಪಾಲಿಸುವವರ ಮಾತಿಗೆ ಇದರಿಂದ ಒಂದು ಬೆಲೆ ಬಂದಿತು. ಪಾಲಿಸದವರ ಸಂಖ್ಯೆಗಳು ಈಗಲೂ ಡಬ್ಬಿಗಳ ಮೇಲೆ ಸೊನ್ನೆಗಳ ಮೆರವಣಿಗೆಯಾಗಿಯೇ ಇವೆ.

ಸೋನಿ ಕಂಪನಿಯು ೧೯೯೧ರಲ್ಲಿ ಮಾರುಕಟ್ಟೆಗೆ ತಂದ, ಮತ್ತೆ ಮತ್ತೆ ತುಂಬಿಸಬಹುದಾದ ಲಿಥಿಯಂ ಅಯಾನ್ ಸೆಲ್ಲು ಕ್ರಮೇಣ ಪುಟ್ಟದೀಪವನ್ನೂ ಸೇರಿತು. ನೈಟ್‌ಕೋರ್ ಎಂಬ ಚೀನೀ ಕಂಪನಿಯ ‘ಟ್ಯೂಬ್’ ಎಂಬ ದೀಪವು ಹತ್ತು ಗ್ರಾಮಿನಷ್ಟು ತೂಗುತ್ತ ನಲವತ್ತೈದು ಲ್ಯೂಮೆನ್ ಬೆಳಕನ್ನು ಕೊಟ್ಟಿತು. ದೂರವಾಣಿಯ ಚಾರ್ಜರಿನಿಂದಲೇ ಅದನ್ನು ತುಂಬಿಸಬಹುದು. ಸೆಲ್ಲು ಕೊಳ್ಳುವ ಖರ್ಚು ಹೋಯಿತು. ಆದರೆ ಅದರೊಡನೆ ಬಿಚ್ಚುವ ಮುಚ್ಚಳವೂ ಹೋಯಿತು.

೭

ಇಷ್ಟರಲ್ಲಿ ಪುಟ್ಟದೀಪಕ್ಕೆ ಅನಿರೀಕ್ಷಿತವಾದ ಸ್ಪರ್ಧಿಯೊಂದು ಹುಟ್ಟಿತು. ಫಿನ್ಲೆಂಡಿನ ನೋಕಿಯಾ ಕಂಪನಿಯು ೨೦೦೩ರಲ್ಲಿ ‘೧೧೦೦’ ಎಂಬ ಅಗ್ಗದ ಸಂಚಾರಿ ದೂರವಾಣಿಯನ್ನು ಹೊರತಂದು, ಅದರ ನೆತ್ತಿಯಲ್ಲಿ ಒಂದು ಎಲ್‌.ಇ.ಡಿ.ಯನ್ನು ಇಟ್ಟಿತು. ಭಾರತದಂತಹ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಯಂತ್ರವದು. ಲೋಕದಲ್ಲೆಲ್ಲ ಅದರ ೨೫ ಕೋಟಿ ಪ್ರತಿಗಳು ಮಾರಿಹೋದವು. ಕರೆಂಟು ಹೋಗುವುದು ನಿತ್ಯದ ಮಾತಾಗಿದ್ದ ಹಳ್ಳಿಗಳಲ್ಲಿ ಮಾತಿಗೆಷ್ಟೋ ಬೆಳಕಿಗೂ ಅಷ್ಟೇ ಅದು ಬೇಕಾಯಿತು. ಈಗ ಪ್ರತಿಯೊಂದು ದೂರವಾಣಿಯಲ್ಲಿಯೂ ದೀಪವುಂಟು. ಹೀಗಿರುವಲ್ಲಿ ಬೀಗದಕೈ ಗೊಂಚಲಿನ ದೀಪವು ಇನ್ನೇತಕ್ಕೆಂದು ಕೇಳಬಹುದು. ಉತ್ತರವು ಮತ್ತೆ ಬ್ಯಾಟರಿಯಲ್ಲಿಯೇ ಇದೆ. ದೂರವಾಣಿಯ ಶಕ್ತಿಯು ಹತ್ತು ಕೆಲಸಗಳಿಗೆ ಹಂಚಿಹೋಗಿ ಸಂಜೆಗೆ ಬರಿದಾಗುವುದು. ಪುಟ್ಟದೀಪದ ಶಕ್ತಿಯು ಒಂದೇ ಕೆಲಸಕ್ಕೆ ಮೀಸಲು.

ಇನ್ನು ಈ ಅಭಿವೃದ್ಧಿಗೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಚರಿತ್ರೆಯು ಪೂರ್ಣವಾಗದು. ನಾಣ್ಯದಂತಹ ಲಿಥಿಯಂ ಸೆಲ್ಲನ್ನು ಮಗುವು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿಯ ತೇವದಲ್ಲಿಯೇ ಪ್ರವಾಹವು ಹರಿದು ಕ್ಷಾರವು ಹುಟ್ಟಿ ಎರಡು ಗಂಟೆಗಳೊಳಗೆ ಒಳಮೈಯನ್ನು ಸುಡುವುದು. ಪ್ರಾಣಗಳು ಹೋಗಿವೆ. ಇಂತಹ ಸೆಲ್ಲುಗಳಿರುವ ವಸ್ತುಗಳ ಮುಚ್ಚಳವು ಮಕ್ಕಳ ಕೈಗೆ ಬಿಚ್ಚಲು ಬಾರದಂತಿರಬೇಕೆಂದು ಅಮೆರಿಕಾದಲ್ಲಿ ೨೦೨೨ರಲ್ಲಿ ಶಾಸನವಾಯಿತು. ಜಾತ್ರೆಯ ಅಂಗಡಿಗಳಲ್ಲಿ ಆಟಿಗೆಯಂತೆ ದೊರೆಯುವ ಪುಟ್ಟದೀಪಗಳನ್ನು ಮಕ್ಕಳ ಕೈಗೆ ಕೊಡುವ ತಾಯಿತಂದೆಯರು ಇದನ್ನು ನೆನಪಿನಲ್ಲಿಡುವುದು ಒಳಿತು. ಮುಚ್ಚಳವನ್ನೇ ಇಲ್ಲದಂತೆ ಬೆಸೆದ ದೀಪಗಳಲ್ಲಿ ಈ ಅಪಾಯವಿಲ್ಲ. ಅಲ್ಲಿ ಬೇರೊಂದು ನಷ್ಟವಿದೆ. ಸಾಲಿಟೇರಿನ ಬಾಲದಲ್ಲಿ ಬದಲಿ ಬಲ್ಬೊಂದು ಕಾದಿರುತ್ತಿತ್ತು. ಸೆಲ್ಲು ಸತ್ತರೆ ಮೂಲೆಯಂಗಡಿಯಲ್ಲಿ ಇನ್ನೊಂದು ಸಿಕ್ಕುತ್ತಿತ್ತು. ಬೆಸೆದ ದೀಪದಲ್ಲಿ ಹರಳು ಎಷ್ಟೋ ವರ್ಷಗಳ ಕಾಲ ಉರಿಯಲು ಸಿದ್ಧವಾಗಿದ್ದರೂ ಒಳಗಿನ ಸೆಲ್ಲು ಮುದಿಯಾದ ದಿನವೇ ದೀಪದ ಆಯುಸ್ಸು ತೀರಿತು.

ಹಿಂದೆ ಸಂಜೆಯಾಗುತ್ತಲೆ ಮನೆಯ ಹೆಣ್ಣುಮಕ್ಕಳು ಲಾಟೀನನ್ನು ಮುಂದಿಟ್ಟುಕೊಂಡು, ಗಾಜಿನ ಬುರುಡೆಯನ್ನು ಬೂದಿಯಿಂದ ಒರೆಸಿ, ಬತ್ತಿಯ ತುದಿಯನ್ನು ಕತ್ತರಿಸಿ, ಎಣ್ಣೆಯನ್ನು ನೋಡಿ ಹಾಕುತ್ತಿದ್ದರು. ಎಣ್ಣೆಯು ಎಷ್ಟಿದೆಯೆಂಬುದು ಅಲ್ಲಾಡಿಸಿದರೆ ತಿಳಿಯುತ್ತಿತ್ತು. ಸೆಲ್ಲಿನಲ್ಲಿ ಎಷ್ಟು ಉಳಿದಿದೆಯೆಂಬುದು ಅಲ್ಲಾಡಿಸಿದರೆ ತಿಳಿಯದು, ನೋಡಿದರೂ ತಿಳಿಯದು. ಹೊಸ ದೀಪಗಳು ಮನುಷ್ಯನನ್ನು ದಿನದಿನದ ಆ ಶುಶ್ರೂಷೆಯಿಂದ ಬಿಡಿಸಿದವು. ಅದರೊಡನೆ ದೀಪವು ಬರಿದಾಗಿರಬಹುದೆಂಬ ಎಚ್ಚರವನ್ನೂ ಬಿಡಿಸಿದವು. ತಿಂಗಳಿಗೊಮ್ಮೆ ಬೀಗದಕೈ ಗೊಂಚಲನ್ನು ಕೈಗೆತ್ತಿಕೊಂಡು ದೀಪವನ್ನು ಒಂದು ಸಲ ಹೊತ್ತಿಸಿ ನೋಡುವುದು, ಮಂಕಾಗಿದ್ದರೆ ಸೆಲ್ಲನ್ನು ಬದಲಾಯಿಸುವುದು, ಇಷ್ಟು ಮಾತ್ರ ಶುಶ್ರೂಷೆಯು ಈಗಲೂ ಉಳಿದಿದೆ. ಹಳ್ಳಿಯ ಜನರು ಕೈದೀಪವನ್ನು ಬ್ಯಾಟರಿಯೆಂದು ಕರೆಯುತ್ತ ಈ ಮಾತನ್ನೇ ಬಹುಕಾಲದಿಂದ ಹೇಳುತ್ತಿದ್ದಾರೆ.